ಎಣಿಕೆ ದಿನದ ಗೂಬೆ

ಕಳೆದ ವರ್ಷ ಅಕ್ಟೋಬರಿನ ಎಣಿಕೆ ದಿನ ಮುಗಿದ ಒಂಬತ್ತನೆಯ ದಿನ ಬ್ರೈಟ್ ಲ್ಯಾಡರ್ ಚಾರ್ಟರ್ ಶಾಲೆ ಹನ್ನೊಂದು ಮಕ್ಕಳನ್ನು ಹೊರಗೆ ಕಳಿಸಿತು. ಹನ್ನೊಂದೂ ಮಕ್ಕಳು ರಸ್ತೆ ದಾಟಿ ಎದುರಿನ ಕ್ರೌಡರ್ ಸರ್ಕಾರಿ ಶಾಲೆಗೆ ಬಂದರು. ಅವರ ಹೆಸರಿನಲ್ಲಿ ಬಂದಿದ್ದ ವರ್ಷದ ಹಣ ರಸ್ತೆ ದಾಟಲಿಲ್ಲ.

ಹಣ ಎರಡೂ ಶಾಲೆಗೆ ಸರ್ಕಾರದ್ದೇ. ಒಂದನ್ನು ಸರ್ಕಾರ ನಡೆಸುತ್ತದೆ, ಇನ್ನೊಂದನ್ನು ಒಂದು ಕಂಪನಿ. ಎಣಿಕೆ ದಿನ ಯಾವ ಶಾಲೆಯ ಬೆಂಚಿನ ಮೇಲೆ ಎಷ್ಟು ತಲೆ ಕಾಣುತ್ತವೋ ಆ ಶಾಲೆಗೆ ವರ್ಷವಿಡೀ ಅಷ್ಟು ಅನ್ನ. ಹಾಗಾಗಿ ಡೆಟ್ರಾಯಿಟ್‌ನ ನಮ್ಮ ಪೂರ್ವದ ಕೇರಿಯಲ್ಲಿ ಮಕ್ಕಳಿಗೆ ವರ್ಷಕ್ಕೊಂದು ದಿನ ಮದುವೆ ಗಂಡಿನ ಮರ್ಯಾದೆ. ಈ ಸಲ ಏಣಿ ಶಾಲೆಯವರು (ಕೇರಿಯವರೆಲ್ಲ ಬ್ರೈಟ್ ಲ್ಯಾಡರನ್ನು ಕರೆಯುವುದೇ ಹಾಗೆ) ಪಿಜ್ಜಾ, ಗಾಳಿ ತುಂಬಿದ ಕುಣಿಯುವ ಮನೆ, ಚೀಟಿ ಎತ್ತಿ ಕೊಡಲು ಒಂದು ಸೈಕಲ್ ಇಟ್ಟಿದ್ದರು. ಕ್ರೌಡರ್‌ನಲ್ಲಿ ಪ್ಯಾನ್‌ಕೇಕ್ ಇತ್ತು. ಜೊತೆಗೆ ಒಂದು ಗೂಬೆ.

ಗೂಬೆಯೊಳಗೆ ಇದ್ದವನು ಹಾಜರಿ ಗುಮಾಸ್ತ ವರ್ನೆಲ್ ಪಿಟ್‌ಮನ್. ಗೂಬೆಯನ್ನು ಶಾಲೆಯ ಲಾಂಛನ ಮಾಡಿದ ಪುಣ್ಯಾತ್ಮರು ಅದನ್ನು ಜಾಣಹಕ್ಕಿ ಎಂದು ನಂಬಿದ್ದರಂತೆ. ಬೆಳಿಗ್ಗೆ ಏಳೂವರೆಗೆ ಆ ವೇಷ ಹೊಕ್ಕ ವರ್ನೆಲ್‌ನನ್ನು ನೋಡಿದವರು ಆ ನಂಬಿಕೆಯನ್ನು ಅಲ್ಲೇ ಬಿಡುತ್ತಿದ್ದರು. ಗೂಬೆಯ ಕಣ್ಣು ಬರೀ ಬಣ್ಣ. ಒಳಗಿದ್ದವನು ಲೋಕವನ್ನು ನೋಡಬೇಕಾದದ್ದು ಕೊಕ್ಕಿನ ಸಂದಿಯಿಂದ.

“ಮೇಡಂ, ಕತ್ತಿನ ಹತ್ರ ಜಿಪ್ ಕಚ್ಕೊಂಡಿದೆ. ತಲೆ ಬರ್ತಾ ಇಲ್ಲ.”

“ಮೂರು ಗಂಟೆವರೆಗೂ ಬರೋದು ಬೇಡ,” ಅಂದರು ಮುಖ್ಯೋಪಾಧ್ಯಾಯಿನಿ ಮಿಸೆಸ್ ಸ್ಪ್ರಾಗಿನ್ಸ್. “ಬಾಗಿಲಲ್ಲಿ ನಿಂತ್ಕೊ. ರೆಕ್ಕೆ ಬಡಿ.”

ಅವರ ಸಿಟ್ಟಿಗೆ ಕಾರಣವಿತ್ತು. ಮೇಲಿನ ಕಚೇರಿಯವರು ಫೋನಿನಲ್ಲೇ ಹೇಳಿಬಿಟ್ಟಿದ್ದರು: ಮುನ್ನೂರು ತಲೆ ಇದ್ದರೆ ಶಾಲೆ, ಒಂದು ಕಡಿಮೆಯಾದರೂ ಬೇಸಿಗೆಗೆ ಬೀಗ. ಕ್ರೌಡರ್‌ನ ಪಟ್ಟಿಯಲ್ಲಿ ಇದ್ದದ್ದು ಸರಿಯಾಗಿ ಮುನ್ನೂರು. ಬೀಗ ಬಿದ್ದರೆ ಮಕ್ಕಳು ಎರಡು ಬಸ್ಸು ಬದಲಾಯಿಸಿ ಇನ್ನೆಲ್ಲೋ ಹೋಗಬೇಕು. ವರ್ನೆಲ್‌ನ ಹತ್ತೊಂಬತ್ತು ವರ್ಷದ ಕೆಲಸ ಎಲ್ಲಿಗೂ ಹೋಗುವಂತಿರಲಿಲ್ಲ.

ಅವನು ರೆಕ್ಕೆ ಬಡಿದ. ಮಕ್ಕಳು ಬಂದರು, ಹೊಟ್ಟೆಗೆ ಗುದ್ದಿದರು, ಗರಿ ಕಿತ್ತರು. ಯಾರೋ ಬಾಲ ಹಿಡಿದು ಎಳೆದರು. ನಾಲ್ಕನೇ ತರಗತಿಯಲ್ಲಿರುವ ತನ್ನ ಮಗಳು ಜಾನೇಯೇ ಇರಬೇಕೆಂದು ಅವನು ಕೊಕ್ಕಿನೊಳಗೇ ನಕ್ಕ. ವೇಷಕ್ಕೆಂದು ಅವನು ಬೇಗ ಹೊರಟಿದ್ದರಿಂದ ಅವಳನ್ನು ಈ ದಿನ ಹೆಂಡತಿ ರೊಷೆಲ್ ಕರೆತರುವುದೆಂದು ಮಾತಾಗಿತ್ತು.

ಹತ್ತು ಗಂಟೆಗೆ ತರಗತಿಗಳಿಂದ ಚೀಟಿ ಬಂದವು. ಎಲ್ಲ ಸರಿ, ಏಳನೇ ಕೋಣೆ ಒಂದು ಬಿಟ್ಟು. ಆ ನಾಲ್ಕನೇ ತರಗತಿಗೆ ಆಗಸ್ಟಿನಿಂದಲೂ ಟೀಚರ್ ಇಲ್ಲ. ಬದಲಿಗೆ ಬರುತ್ತಿದ್ದವರು ಹಾಸಿಗೆ ಅಂಗಡಿಯಿಂದ ನಿವೃತ್ತರಾದ ಮಿಸ್ಟರ್ ಕೊವಾಲ್. ಅವರು ತಮ್ಮ ಚೀಟಿಯನ್ನು ತಾವೇ ಹಿಡಿದುಕೊಂಡು ಬಂದರು.

“ಹೆಸರು ಕೂಗಿದ್ರೆ ಇಪ್ಪತ್ತೆಂಟು. ತಲೆ ಎಣಿಸಿದ್ರೆ ಇಪ್ಪತ್ತೇಳು.”

“ಅದು ಹೆಂಗೆ ಸಾರ್?”

“ನಂಗೇನು ಗೊತ್ತು? ಕೂಗಿದೆ, ‘ಇದೀನಿ’ ಅಂದ್ರು. ಯಾವನೋ ಒಬ್ಬ ಎರಡು ಸಲ ಇದ್ದಾನೆ.”

ವರ್ನೆಲ್ ಏಳನೇ ಕೋಣೆಗೆ ಓಡಿ ಕೊಕ್ಕು ತೂರಿಸಿದ. ಕೊಕ್ಕಿನ ಸಂದಿಗೆ ಸಿಕ್ಕಿದ್ದು ಹಿಂದಿನ ಬೆಂಚು ಒಂದೇ. ಅದು ಡಿಮಾರಿಯೋನ ಜಾಗ, ಖಾಲಿ. ಡಿಮಾರಿಯೋ ಎಂದರೆ ಹಾಜರಿ ಪುಸ್ತಕದಲ್ಲಿ ರಂಧ್ರ ಕೊರೆಯುವ ಹುಳ.

“ಅವನು ಪಿಜ್ಜಾ ತಿನ್ನೋಕೆ ಏಣಿ ಹತ್ತಿರ್ತಾನೆ ಬಿಡಿ,” ಎಂದಿತು ಮುಂದಿನ ಬೆಂಚಿನ ಒಂದು ದನಿ.

“ಹೋಗು, ಎಲ್ಲಿದ್ರೂ ಹಿಡ್ಕೊಂಡು ಬಾ,” ಅಂದರು ಅವನ ಹಿಂದೆಯೇ ಬಂದಿದ್ದ ಮಿಸೆಸ್ ಸ್ಪ್ರಾಗಿನ್ಸ್. “ಮೂರು ಗಂಟೆಯೊಳಗೆ ಮುನ್ನೂರನೇ ತಲೆ ಸಿಗದಿದ್ರೆ ಆ ಗೂಬೆ ನಿನ್ ತಲೆ ಮೇಲೇ.”

“ಈಗಾಗ್ಲೇ ಕೂತಿದೆ ಮೇಡಂ,” ಎಂದ ವರ್ನೆಲ್.

ಹಗಲು ಹೊತ್ತಿನಲ್ಲಿ ಆರಡಿ ಗೂಬೆ ರಸ್ತೆಗಿಳಿದರೆ ಕೇರಿ ಸುಮ್ಮನಿರುತ್ತದೆಯೇ? ಎರಡು ನಾಯಿ ಬೆನ್ನು ಹತ್ತಿದವು. ಕಸದ ಲಾರಿಯವನು ನಿಲ್ಲಿಸಿ ಫೋಟೊ ತೆಗೆದ. ಏಣಿ ಶಾಲೆಗೆ ಹೋಗಲು ಮನಸ್ಸೊಪ್ಪದೆ ವರ್ನೆಲ್ ಮಧ್ಯಾಹ್ನ ದಾಟುವವರೆಗೂ ಕೇರಿಯ ಬೇರೆ ಸಂದಿಗಳಲ್ಲೇ ಹುಡುಕಿದ. ಕೊನೆಗೆ ನಾಯಿಗಳಿಂದ ತಪ್ಪಿಸಿಕೊಳ್ಳಲು ಹೋಗಿ ಮಿಸ್ ಅರ್ನೆಸ್ಟೀನ್ ಅವರ ಜಗಲಿಯ ಮೆಟ್ಟಿಲಿಗೆ ಎಡವಿ ಅವರ ಕುರ್ಚಿಯ ಬುಡದಲ್ಲೇ ಬಿದ್ದ. ಎಂಬತ್ತೊಂದರ ಈ ಅಜ್ಜಿ ಜಗಲಿಯಲ್ಲಿ ಕೂತೇ ಕೇರಿಯ ಹಾಜರಿ ಬರೆಯುವವರು. ಪಕ್ಕದಲ್ಲಿ ಕ್ಷೌರದಂಗಡಿಯ ಲೂಥರ್ ಕಾಫಿ ಕುಡಿಯುತ್ತಿದ್ದ.

“ಏನ್ ತಮ್ಮಾ ವರ್ನೆಲ್, ಕೆಲಸ ಹೋಯ್ತಾ?”

“ಇನ್ನೂ ಇಲ್ಲ ಮಿಸ್ ಅರ್ನೆಸ್ಟೀನ್. ಡಿಮಾರಿಯೋನ ನೋಡಿದ್ರಾ?”

“ಎಂಟು ಗಂಟೆಗೆ ನಿಮ್ ಗೇಟೊಳಕ್ಕೆ ತಳ್ಳಿದ್ದು ನಾನೇ.”

“ಒಳಗೆ ಹೋದವನು ಗೋಡೆ ಹಾರಿರ್ತಾನೆ.”

“ಹಾರದೆ ಇನ್ನೇನು ಮಾಡ್ತಾನೆ?” ಎಂದು ಲೂಥರ್ ಬಾಯಿ ಹಾಕಿದ. “ನಿಮ್ಮಲ್ಲಿ ಟೀಚರ್ ಇಲ್ಲ, ಹುಡುಗರ ಕಕ್ಕಸಿಗೆ ಬಾಗಿಲಿಲ್ಲ. ನನ್ ಮೊಮ್ಮಗ ಏಣಿಗೆ ಹೋಗಿ ಒಂದೇ ವರ್ಷ, ಈಗ ನಂಗೇ ಪೇಪರ್ ಓದಿ ಹೇಳ್ತಾನೆ.”

“ನಿನ್ ಮೊಮ್ಮಗ ಬಾಯಿ ಮುಚ್ಕೊಂಡು ಕೂರೋ ಹುಡುಗ, ಅದಕ್ಕೇ ಇಟ್ಕೊಂಡಿದಾರೆ,” ಅಂದರು ಅರ್ನೆಸ್ಟೀನ್. “ತೊದಲೋ ಮಗು, ತುಂಟ ಮಗು, ಗಾಲಿ ಕುರ್ಚಿ ಮಗು ಎಲ್ಲಾ ಎಲ್ಲಿಗೆ ಬಂದ್ವು ಹೋದ್ವರ್ಷ? ಕ್ರೌಡರ್‌ಗೆ. ಆಯ್ದು ಆಯ್ದು ಒಳ್ಳೇ ಟೊಮೇಟೊ ಇಟ್ಕೊಂಡು, ನಮ್ದೇ ಒಳ್ಳೇ ಅಂಗಡಿ ಅಂದ್ರೆ ಯಾರು ನಂಬ್ತಾರೆ?”

“ಎಲ್ಲರನ್ನೂ ಒಳಗೆ ಬಿಟ್ಕೊಂಡು ಯಾರಿಗೂ ಏನೂ ಕಲಿಸದಿದ್ರೆ ಅದು ದೊಡ್ಡ ಧರ್ಮಾನಾ?”

“ಕಲಿಸೋಕೆ ಬಿಟ್ರೆ ತಾನೇ? ದುಡ್ಡೆಲ್ಲಾ ರಸ್ತೆ ಆಚೆಯವರು ನುಂಗಿದ್ರೆ ಟೀಚರನ್ನ ಮಣ್ಣಲ್ಲಿ ಮಾಡಬೇಕಾ?”

ಇಬ್ಬರ ನಡುವೆ ಬಿದ್ದಿದ್ದ ಗೂಬೆ ಇತ್ತ ಒಮ್ಮೆ, ಅತ್ತ ಒಮ್ಮೆ ಕೊಕ್ಕು ತಿರುಗಿಸಿತು. ಇಬ್ಬರ ಮಾತೂ ಅದಕ್ಕೆ ಚುಚ್ಚಿತು. ಏಕೆಂದರೆ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಎದ್ದು ಹೊರಟವನನ್ನು ಅಜ್ಜಿ ಮತ್ತೆ ಕೂಗಿದರು. “ನಿನ್ ಹೆಂಡ್ತಿಗೆ ಏನಾಗಿದೆ? ಬೆಳಿಗ್ಗೆ ಹಸಿರು ಚೀಲ ಹಿಡ್ಕೊಂಡು ಈ ಕಡೆ ಹೋದ್ಲು, ತಿರುಗಿ ಕೂಡ ನೋಡ್ಲಿಲ್ಲ. ಜಗಳ ಆಡಿದೀರಾ?”

“ಬಸ್ ಓಡಿಸೋ ಅವಸರದಲ್ಲಿ ಇದ್ದಿರ್ತಾಳೆ,” ಎಂದು ವರ್ನೆಲ್ ಏಣಿ ಶಾಲೆಯತ್ತ ಹೆಜ್ಜೆ ಹಾಕಿದ. ಅಲ್ಲಿನ ಗೋಡೆ, ಗೇಟು, ಕಸದ ಡಬ್ಬ ಎಲ್ಲ ಹಸಿರು ಎನ್ನುವುದು ಅವನಿಗೆ ಹೊಳೆಯಲಿಲ್ಲ. ಗೂಬೆಯ ತಲೆಯೊಳಗೆ ಗಾಳಿಯೂ ಕಡಿಮೆ.

ಗೇಟಿನಲ್ಲಿ ಟೈ ಕಟ್ಟಿದ ಯುವಕನೊಬ್ಬ ಟ್ಯಾಬ್ ಹಿಡಿದು ನಿಂತಿದ್ದ. ಎದೆಯ ಮೇಲೆ ‘ಟ್ರೆವರ್ ಹೋಲ್ಕಮ್, ಶಿಸ್ತಿನ ಡೀನ್’ ಎಂಬ ಫಲಕ. ಪ್ರಾಯ ಇಪ್ಪತ್ತನಾಲ್ಕು ದಾಟಿರಲಿಲ್ಲ. ಅವನ ಪ್ಯಾಂಟಿನ ಇಸ್ತ್ರಿಯ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು.

“ಹತ್ತೂವರೆಗೆ ಬರ್ಬೇಕಿತ್ತು ನೀವು. ನಾವು ಕೇಳಿದ್ದು ಹದ್ದು. ಗೂಬೆ ಕಳಿಸಿದಾರೆ ನೋಡಿ ಆ ಬಾಡಿಗೆ ವೇಷದವರು!”

ವರ್ನೆಲ್ ಬಾಯಿ ಬಿಡುವಷ್ಟರಲ್ಲಿ ಡೀನ್ ಅವನನ್ನು ಒಳಗೆ ಎಳೆದುಕೊಂಡು ಹೋದ. “ಸಾಲು ಬರುವಾಗ ಕುಣೀರಿ. ಸದ್ದು ಮಾಡ್ಬೇಡಿ. ಇಲ್ಲಿ ಎಲ್ಲಾ ಮೌನವಾಗಿ ಖುಷಿ ಪಡ್ತಾರೆ.”

ಸಾಲು ಬಂತು. ನೆಲದ ಮೇಲೆ ಬಳಿದ ಹಸಿರು ಗೆರೆಯ ಮೇಲೆ ನಲವತ್ತು ಮಕ್ಕಳು, ಕೈ ಹಿಂದಕ್ಕೆ ಕಟ್ಟಿ, ಮಾತು ಹೊರಬಾರದ ಹಾಗೆ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ನಡೆದುಬಂದರು. ನೋಡಿದರೆ ನಲವತ್ತು ಪೂರಿ ಉಬ್ಬಿಕೊಂಡು ಬಂದ ಹಾಗಿತ್ತು. ಡಿಮಾರಿಯೋ ಅವರಲ್ಲಿ ಇರಲಿಲ್ಲ. ಡೀನ್ ಕಣ್ಣು ಕೆಕ್ಕರಿಸಿದ. ವರ್ನೆಲ್ ಕುಣಿಯಲೇಬೇಕಾಯಿತು.

ಹದಿನೇಳನೆಯ ಪೂರಿ ಅವನ ಕಾಲು ನೋಡಿತು. ಒಂದು ಶೂಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ಭಾನುವಾರ ಕೂತು ಅದನ್ನು ಪೋಣಿಸಿದ್ದ ಹುಡುಗಿಯ ಕೆನ್ನೆಯಿಂದ ಗಾಳಿ ಟುಸ್ಸೆಂದು ಹೊರಬಂತು.

“ಅಪ್ಪಾ! ನೀನಾ ಗೂಬೆ?”

ಮೌನದ ಆ ಹಜಾರದಲ್ಲಿ ಜಾನೇಯ ನಗು ಪಾತ್ರೆ ಉರುಳಿದ ಹಾಗೆ ಉರುಳಿತು. ಹಸಿರು ಅಂಗಿ ತೊಟ್ಟ ಮಗಳು ಓಡಿಬಂದು ಗೂಬೆಯ ಹೊಟ್ಟೆ ತಬ್ಬಿಕೊಂಡಳು. ಡೀನ್ ಟ್ಯಾಬಿನ ಮೇಲೆ ಬೆರಳಾಡಿಸಿದ. “ನಗು, ಹಳದಿ ಕಾರ್ಡ್. ಗೆರೆ ಬಿಟ್ಟದ್ದು, ಇನ್ನೊಂದು. ತಬ್ಬಿಕೊಂಡದ್ದು... ಕೆಂಪು.”

“ಜಾನೇ, ನೀನ್ಯಾಕೆ ಇಲ್ಲಿ?”

“ಅಮ್ಮ ಸೇರಿಸಿದ್ಲು. ಅಪ್ಪಾ, ಇಲ್ಲಿ ಟೀಚರ್ ಇದಾರೆ! ನಿಜವಾದವರು! ಪಿಜ್ಜಾ ಕತ್ತರಿಸಿ ಭಿನ್ನರಾಶಿ ಹೇಳ್ಕೊಟ್ರು. ನಂಗೆ ಅರ್ಥ ಆಯ್ತು!”

ಅಷ್ಟರಲ್ಲಿ, ಪಾಳಿ ಮುಗಿಸಿ ಸೇರ್ಪಡೆಯ ಉಳಿದ ಕಾಗದಕ್ಕೆ ಸಹಿ ಹಾಕಲು ಬಂದಿದ್ದ ರೊಷೆಲ್ ಬಸ್ ಚಾಲಕಿಯ ಸಮವಸ್ತ್ರದಲ್ಲೇ ಕಚೇರಿಯಿಂದ ಹೊರಬಂದಳು. ಗಂಡನ ಗುರುತು ಅವಳಿಗೂ ಶೂ ದಾರದಿಂದಲೇ ಸಿಕ್ಕಿತು.

“ರೊಷೆಲ್, ಇಡೀ ಕೇರೀಲಿ ಮುನ್ನೂರನೇ ತಲೆ ಹುಡುಕ್ತಿದೀನಿ. ಅದು ನನ್ ಮನೇದೇನಾ?”

“ಹೌದು. ನಿಂಗೆ ಮುನ್ನೂರನೇ ತಲೆ, ನಂಗೆ ಇರೋದೇ ಒಂದು ತಲೆ. ಎರಡು ತಿಂಗಳಿಂದ ಹಾಸಿಗೆ ಮಾರೋನು ಲೆಕ್ಕ ಹೇಳ್ಕೊಡ್ತಿದಾನೆ. ಹೇಳಿದ್ರೆ ನೀನು ಬೇಡ ಅಂತಿದ್ದೆ.”

“ಹೋದ್ವರ್ಷದ ಹನ್ನೊಂದು ಮಕ್ಕಳು ಮರೆತೋಯ್ತಾ?”

“ನನ್ ಮಗಳು ಹನ್ನೆರಡನೆಯವಳು ಆಗಲ್ಲ.”

ಡೀನ್ ಗಂಟಲು ಸರಿಮಾಡಿಕೊಂಡ. “ಮಿಸೆಸ್ ಪಿಟ್‌ಮನ್, ಈ ಮಗು ನಮ್ಮ ವಾತಾವರಣಕ್ಕೆ ಒಗ್ಗೋ ಹಾಗೆ ಕಾಣ್ತಿಲ್ಲ. ನಾವು ತೆಗೀತಾ ಇಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ನೀವೇ ಕರ್ಕೊಂಡು ಹೋಗಿ ಅಂತ ಸಲಹೆ ಕೊಡ್ತಿದೀವಿ.”

“ಬೆಳಿಗ್ಗೆ ಎಂಟಕ್ಕೆ ಸೇರಿಸಿದ್ದು! ಈಗ ಎರಡು ಗಂಟೆ!”

“ಹೋದ ಸಲ ತಡ ಮಾಡಿದ್ವಿ ಅಂತ ಜನ ಆಡ್ಕೊಂಡ್ರು.”

ರೊಷೆಲ್ ತನ್ನ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಹತ್ತು ವರ್ಷ ಸಂಸಾರ ಮಾಡಿದ ವರ್ನೆಲ್‌ಗೆ ಆ ಟೋಪಿ ಇಡುವುದರ ಅರ್ಥ ಗೊತ್ತಿತ್ತು.

“ನೀನು ಮಗುನ ಕರ್ಕೊಂಡು ಓಡು. ನಾನು ಈ ಹುಡುಗನಿಗೆ ಸ್ವಲ್ಪ ಸಲಹೆ ಕೊಟ್ಟು ಬರ್ತೀನಿ.”

ವರ್ನೆಲ್ ಓಡಿದ. ಹೆಂಡತಿ ಮುಚ್ಚಿಟ್ಟಳೆಂಬ ನೋವಿತ್ತು, ನಿಜ. ಆದರೆ ನಾಚಿಕೆ ಬಿಟ್ಟು ಹೇಳುವುದಾದರೆ ಖುಷಿಯೂ ಇತ್ತು. ಮುನ್ನೂರನೇ ತಲೆ ಅವನ ರೆಕ್ಕೆ ಹಿಡಿದುಕೊಂಡು ಕುಣಿಯುತ್ತ ಬರುತ್ತಿತ್ತು. ನಾಯಿಗಳು ಮತ್ತೆ ಬೆನ್ನು ಹತ್ತಿದವು. ಮಿಸ್ ಅರ್ನೆಸ್ಟೀನ್ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಏಳನೇ ಕೋಣೆಯ ಹಿಂದಿನ ಬೆಂಚಿನಲ್ಲಿ ಡಿಮಾರಿಯೋ ಕೂತಿದ್ದ.

“ನೀನು ಎಲ್ಲಿದ್ದೆಯೋ?”

“ಹತ್ತು ಗಂಟೆಗೆ ಕಕ್ಕಸಿಗೆ ಹೋಗಿದ್ದೆ ಮಿಸ್ಟರ್ ಪಿಟ್‌ಮನ್. ಬಾಗಿಲಿಲ್ಲ ಅಲ್ವಾ, ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಹೋಗ್ಬೇಕು. ಎಣಿಸುವಾಗ ಇಲ್ಲೇ ಇದ್ದೆ. ಜಾನೇ ಹೆಸರಿಗೂ ನಾನೇ ‘ಇದೀನಿ’ ಅಂದೆ. ನಂಗೆ ಗುಣಾಕಾರ ಹೇಳ್ಕೊಡೋದು ಅವಳೇ.”

ಮಿಸ್ಟರ್ ಕೊವಾಲ್ ಎರಡು ಸಲ ಎಣಿಸಿದರು. ಇಪ್ಪತ್ತೆಂಟು. ಕಟ್ಟಡದಲ್ಲಿ ಮುನ್ನೂರು. ಮಿಸೆಸ್ ಸ್ಪ್ರಾಗಿನ್ಸ್ ಕಣ್ಣೊರೆಸಿಕೊಂಡು ಕಚೇರಿಗೆ ಓಡಿ, ಜಾನೇ ಪಿಟ್‌ಮನ್ ಎಂದು ಕಂಪ್ಯೂಟರಿಗೆ ಕುಟ್ಟಿದರು. ಕಂಪ್ಯೂಟರು ಕೆಂಪಗಾಯಿತು: ಈ ಮಗುವನ್ನು ಈ ದಿನ ಹನ್ನೊಂದು ಗಂಟೆಗೆ ಬ್ರೈಟ್ ಲ್ಯಾಡರ್‌ನಲ್ಲಿ ಎಣಿಸಲಾಗಿದೆ. ಒಂದು ತಲೆಯನ್ನು ಎರಡು ಸಲ ಎಣಿಸಲಾಗದು.

ಫೋನ್ ಮಾಡಿದರು. ಮೇಲಿನ ಕಚೇರಿಯವರು ಸಾವಧಾನವಾಗಿ ಕೇಳಿಸಿಕೊಂಡರು. ಕ್ರೌಡರ್‌ದು ಇನ್ನೂರ ತೊಂಬತ್ತೊಂಬತ್ತೇ. ಅಷ್ಟಕ್ಕೇ ಬಿಡಲಿಲ್ಲ, ಇನ್ನೊಂದು ಮಾತೂ ಹೇಳಿದರು.

ಮಿಸೆಸ್ ಸ್ಪ್ರಾಗಿನ್ಸ್ ಫೋನನ್ನು ಎದೆಗೊತ್ತಿಕೊಂಡು ಏಳನೇ ಕೋಣೆಗೆ ಬಂದರು. ಬಾಗಿಲಲ್ಲಿ ಗೂಬೆ ನಿಂತಿತ್ತು. ಒಳಗೆ ಜಾನೇ ಕಾಗದದ ಪ್ಯಾನ್‌ಕೇಕ್ ತಟ್ಟೆಯನ್ನು ಎಂಟು ಭಾಗ ಮಾಡಿ ಡಿಮಾರಿಯೋಗೆ ಏನೋ ತೋರಿಸುತ್ತಿದ್ದಳು. ಹಾಸಿಗೆ ಮಾರುತ್ತಿದ್ದ ಮಿಸ್ಟರ್ ಕೊವಾಲ್ ಬಗ್ಗಿ ನೋಡಿ ತಾವೂ ಕಲಿಯುತ್ತಿದ್ದರು.

“ವರ್ನೆಲ್, ಇದು ನನ್ ಮಾತಲ್ಲ, ಅವರ ಮಾತು. ನಮ್ಮ ಪಟ್ಟೀಲಿ ಇಲ್ಲದ ಮಗು ಈ ದಿನ ನಮ್ಮ ಕಟ್ಟಡದಲ್ಲಿ ಇರೋ ಹಾಗಿಲ್ವಂತೆ. ಪಟ್ಟಿ ಎಲ್ಲಿದೆಯೋ ಮಗು ಅಲ್ಲಿಗೇ ಹೋಗ್ಬೇಕಂತೆ. ಹಾಜರಿ ಗುಮಾಸ್ತ ಕೈ ಹಿಡಿದು ಒಪ್ಪಿಸಿ ಬರ್ಬೇಕಂತೆ.”

“ಅವರು ಈಗ ತಾನೇ ಹೊರಗೆ ಹಾಕಿದಾರೆ ಮೇಡಂ.”

“ಹೇಳಿದೆ. ಅದು ಬರೀ ಸಲಹೆಯಂತೆ. ಪುಸ್ತಕದಲ್ಲಿ ಇನ್ನೂ ಅವರವಳೇ ಅಂತೆ.” ಅವರ ದನಿ ಸಣ್ಣಗಾಯಿತು. “ಒಪ್ಪಿಸದಿದ್ರೆ ಈ ದಿನದ ತಪ್ಪೆಲ್ಲಾ ಗುಮಾಸ್ತನದು ಅಂತ ಬರೀತಾರಂತೆ. ಮೊದ್ಲು ಆ ಗೂಬೆ ತೆಗಿ. ಆಮೇಲೆ ಮಗುನ ಕರ್ಕೊಂಡು ರಸ್ತೆ ದಾಟು.”

ವರ್ನೆಲ್ ಕತ್ತಿನ ಜಿಪ್ ಹಿಡಿದು ಎಳೆದ. ಅದು ಅಲುಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹೇಳಿದ್ದನ್ನು ಮಾಡದೆ ಇದ್ದ ದಿನ ಒಂದೂ ಅವನ ಹಾಜರಿಯಲ್ಲಿರಲಿಲ್ಲ. ಅವನು ಜಿಪ್ ಬಿಟ್ಟ. ಎರಡೂ ರೆಕ್ಕೆ ಅಗಲಿಸಿ ಬಾಗಿಲಿನ ಚೌಕಟ್ಟಿನ ಆ ಬದಿಯಿಂದ ಈ ಬದಿಗೆ ಊರಿದ. ಉಳಿದಿದ್ದ ನಾಲ್ಕು ಗರಿ ನಡುಗಿದವು.

“ದಾಟಲ್ಲ,” ಎಂದಿತು ಗೂಬೆ.