ಒತ್ತಕ್ಷರ ಮೈ ಇಳಿಸಿದ್ದು

ಎಲ್ಲದಕ್ಕೂ ಮೂಲ ಒಂದು ಷರ್ಟಿನ ಗುಂಡಿ. ನಾಲ್ಕು ದಿನದ ಹಿಂದೆ ಅಚ್ಚುಕೂಟದ ಕರಡು ತಿದ್ದುವವನ ಹೊಟ್ಟೆಯ ಮೇಲಿಂದ ಅದು ಕಿತ್ತು ಹಾರಿ, ಎದುರಿಗೆ ಕೂತು ಪುಸ್ತಕ ಕಟ್ಟುತ್ತಿದ್ದ ಬೈಂಡಿಂಗ್ ಅಕ್ಕನ ಅಂಟಿನ ಡಬ್ಬಿಗೆ ಬಿತ್ತು. ಅಕ್ಕ ಅದನ್ನು ಬೆರಳಿನಿಂದ ಎತ್ತಿ, ಒರೆಸಿ, ಸೂಜಿ ದಾರದ ಜೊತೆ ಅವನ ಮೇಜಿನ ಮೇಲಿಟ್ಟಳು. ಆ ಸೂಜಿಯೇ ಅವನಿಗೆ ನಾಟಿತು.

ಅಚ್ಚುಕೂಟದಲ್ಲಿ ಅವನಿಗೆ ಒತ್ತಕ್ಷರ ಎಂದೇ ಹೆಸರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಒತ್ತು ಅವನ ಕಣ್ಣು ತಪ್ಪಿಸಿ ಹೋಗಿರಲಿಲ್ಲ. ಈಚೆಗೆ ಹೊಟ್ಟೆಯೂ ಬೆಲ್ಟಿನ ಕೆಳಗೆ ಒತ್ತಿನ ಹಾಗೇ ಜೋತುಬಿದ್ದದ್ದರಿಂದ ಹೆಸರು ಇನ್ನಷ್ಟು ಗಟ್ಟಿಯಾಗಿತ್ತು.

ಹೊಟ್ಟೆಗೂ ಕಾರಣವಿತ್ತು ಪಾಪ. ಮಗಳ ಬಾಣಂತನಕ್ಕೆಂದು ಹೆಂಡತಿ ಮೂರು ತಿಂಗಳಿಂದ ಊರಲ್ಲಿರಲಿಲ್ಲ. ಅವಳಿಲ್ಲದ ಮನೆಯಲ್ಲಿ ಸಂಜೆ ಏನು ಮಾಡಬೇಕೆಂದು ತೋಚದೆ ಇವನು ಬೇಕರಿಯ ಬನ್ನು ತಿಂದಿದ್ದ. "ಮಿತವಾಗಿ ತಿಂತಿದ್ದೀರಿ ತಾನೆ?" ಎಂದು ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ, "ಗುಬ್ಬಿ ಥರ ಕಣೇ" ಎಂದು ಮೀಸೆಯ ಮೇಲಿನ ಸಕ್ಕರೆ ಒರೆಸಿಕೊಂಡಿದ್ದ. ಈಗ ಅವಳು ವಾಪಸು ಬರುವ ದಿನ ಹತ್ತಿರವಾಗಿತ್ತು. ಬಿಟ್ಟುಹೋದ ಹಾಗೇ ತಾನು ಸಿಗಬೇಕು, ತನ್ನನ್ನು ನೋಡಿ ಅವಳ ಮುಖ ಅರಳಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಉಪಾಯ ಮೇಜಿನ ಮೇಲೇ ಇತ್ತು. ಬೀದಿ ಮೂಲೆಯ ಚಿಕಿತ್ಸಾಲಯದ ಡಾಕ್ಟರಮ್ಮ ಬರೆದ ಕರಪತ್ರ, ಹೋದ ತಿಂಗಳು ಅವನೇ ತಿದ್ದಿ ಅಚ್ಚಿಗೆ ಕೊಟ್ಟಿದ್ದು: "ದಿನವೂ ಅರ್ಧ ಗಂಟೆ ನಡೆಯಬಹುದು. ಹಣ್ಣು, ತರಕಾರಿ ಬೇಕಾದಷ್ಟು ತಿನ್ನಬಹುದು. ಮೈ ಶುದ್ಧಿಗೆಂದು ಏಳು ದಿನ ಬರೀ ರಸ ಕುಡಿದು ಇರಬಹುದು. ಹಾಗಿದ್ದರೆ ಮೊದಲು ತಲೆ ನೋಯುತ್ತದೆ, ಆಮೇಲೆ ಕೈ ನಡುಗುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೊನೆಗೆ ಕಣ್ಣಿಗೆ ಕತ್ತಲೆ ಕವಿಯುತ್ತದೆ."

ಎಂಥ ಪ್ರಾಮಾಣಿಕ ಡಾಕ್ಟರು, ಮೊದಲೇ ಎಲ್ಲ ಹೇಳಿಬಿಟ್ಟಿದ್ದಾರೆ ಎಂದು ಅವನಿಗೆ ಭಾರಿ ಗೌರವ ಬಂತು. ಗುಂಡಿ ಹಾರಿದ ಮರುದಿನದಿಂದಲೇ ಬರೀ ಕಿತ್ತಳೆ ರಸ ಶುರುಮಾಡಿದ. ಮೊದಲ ದಿನವೇ ತಲೆ ನೋಯಿತು. ಕೆಂಪು ಪೆನ್ನಿನಿಂದ ಕರಪತ್ರದಲ್ಲಿ ಒಂದು ಗುರುತು ಹಾಕಿದ.

ಇವತ್ತು ನಾಲ್ಕನೆಯ ದಿನ. ಸಂಜೆ ಐದರ ಬಸ್ಸಿಗೆ ಹೆಂಡತಿ ಬರುತ್ತಾಳೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಕೈ ನಡುಗತೊಡಗಿತು.

"ಅಣ್ಣಾ, ನಿಮ್ಮ ಮುಖ ನನ್ನ ಅಂಟಿನ ಬಣ್ಣಕ್ಕೆ ಬಂದಿದೆ," ಎಂದಳು ಬೈಂಡಿಂಗ್ ಅಕ್ಕ.

"ವಿಷ ಇಳೀತಿದೆ ಅಕ್ಕಾ. ಲೆಕ್ಕದ ಪ್ರಕಾರಾನೇ ಇದೆ," ಎಂದು ಅವನು ಎರಡನೆಯ ಗುರುತು ಹಾಕಿದ. ಗೆರೆ ಹಾವಿನ ಹಾಗೆ ಹೋಯಿತು.

ಮೆಷಿನ್ ನಡೆಸುವವನಿಗೆ ಉತ್ಸಾಹ ತಡೆಯಲಾಗಲಿಲ್ಲ. "ಸಾರ್, ಕಿತ್ತಳೆ ರಸದಿಂದ ಏನೂ ಆಗಲ್ಲ. ನಮ್ಮ ಬಾವಮೈದ ಹಾಗಲಕಾಯಿ ರಸ ಕುಡಿದು ಪ್ಯಾಂಟೇ ನಿಲ್ಲದ ಹಾಗಾಗಿದ್ದ," ಎಂದು ಎಲ್ಲಿಂದಲೋ ಒಂದು ದೊಡ್ಡ ಲೋಟ ತಂದ. ಒತ್ತಕ್ಷರ ಹೆಂಡತಿಯನ್ನು ನೆನೆದು ಕಣ್ಣು ಮುಚ್ಚಿ ಕುಡಿದ. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ತೆರೆದಾಗ ಎದುರಿಗೆ ಯಜಮಾನರು ನಿಂತಿದ್ದರು. "ಅರ್ಜೆಂಟು ಕಣಯ್ಯಾ, ಮಧ್ಯಾಹ್ನದೊಳಗೆ ನೋಡಿಕೊಡು." ಹೋಟೆಲೊಂದರ ತಿಂಡಿ ಪಟ್ಟಿ, ಹನ್ನೆರಡು ಪುಟ. ಬೆಣ್ಣೆ ಹಚ್ಚಿದ ಬ್ರೆಡ್ಡಿನಿಂದ ಶುರುವಾಗಿ ಹುರಿದ ಕೋಳಿಯ ಹೊತ್ತಿಗೆ ಅವನಿಗೆ ಕಾಲು ಹಿಡಿದುಕೊಂಡಿತು. ಹಲ್ಲು ಕಚ್ಚಿ ಮುಗಿಸಿ ಕಳಿಸಿದ. ಐದೇ ನಿಮಿಷದಲ್ಲಿ ಯಜಮಾನರು ವಾಪಸು ಬಂದರು.

"ಏನಯ್ಯಾ ಇದು? ಆಮ್ಲೆಟ್ಟಿನ ಪಕ್ಕ 'ಎರಡು ಕೊಡಿ, ಬೇಗ' ಅಂತ ಬರೆದಿದ್ದೀಯ?"

ಉತ್ತರ ಹೇಳಲು ಎದ್ದವನಿಗೆ ಎದೆ ಡಬಡಬ ಹೊಡೆದುಕೊಂಡಿತು. ಯಜಮಾನರು ಇಬ್ಬರಾಗಿ ಕಂಡರು, ಆಮೇಲೆ ಒಬ್ಬರೂ ಕಾಣಲಿಲ್ಲ. "ಐದೂ ಆಯ್ತು!" ಎಂದು ಗೆದ್ದವನ ಹಾಗೆ ಕೂಗಿ, ಅಕ್ಕ ಮಡಿಸಿಟ್ಟಿದ್ದ ಹಾಳೆಗಳ ಮೇಲೆ ದೊಪ್ಪನೆ ಬಿದ್ದ.

ಎಚ್ಚರವಾದಾಗ ಮೂಲೆಯ ಚಿಕಿತ್ಸಾಲಯದ ಮಂಚ, ಕೈಗೆ ಡ್ರಿಪ್. ಕಾಲಬಳಿ ಅಕ್ಕ, ತಲೆಬಳಿ ಡಾಕ್ಟರಮ್ಮ.

"ನಾಲ್ಕು ದಿನ ಬರೀ ರಸಾನೇನ್ರೀ? ಮೈಯಲ್ಲಿ ಉಪ್ಪಿನಂಶ ನೆಲ ಕಚ್ಚಿದೆ. ಇನ್ನೆರಡು ದಿನ ಬಿಟ್ಟಿದ್ದರೆ ಹೃದಯಾನೇ ತಾಳ ತಪ್ಪೋದು. ಮೈ ತೊಳೆಯೋಕೆ ಒಳಗೆ ಲಿವರು, ಕಿಡ್ನಿ ಅಂತ ಇಟ್ಟಿರೋದು ಯಾಕೆ? ಯಾರು ಹೇಳಿದ್ರು ಇದನ್ನ?"

"ನೀವೇ, ಡಾಕ್ಟ್ರೇ," ಎಂದು ಅವನು ಜೇಬಿನಿಂದ ಕರಪತ್ರ ತೆಗೆದುಕೊಟ್ಟ.

ಡಾಕ್ಟರಮ್ಮ ಓದಿದರು. ಮುಖ ಕೆಂಪಾಯಿತು. "ನಾನು ಬರೆದದ್ದು 'ಇರಬಾರದು'! ಯಾವ ಪುಣ್ಯಾತ್ಮ ರೀ ಇದನ್ನ 'ಇರಬಹುದು' ಮಾಡಿದ್ದು? ಅದಕ್ಕೇ ಈ ವಾರ ನಾಲ್ಕು ಜನ ಬಂದು ಬಿದ್ದಿದ್ದಾರೆ!"

ಒತ್ತಕ್ಷರನಿಗೆ ಕರಪತ್ರ ತಿದ್ದಿದ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಇರುವೆ ಶಾಯಿಯಲ್ಲಿ ಬಿದ್ದು ನಡೆದುಹೋದಂಥ ಡಾಕ್ಟರ ಕೈಬರಹ. ಟೈಪು ಮಾಡಿದ ಹುಡುಗಿ ಸರಿಯಾಗಿಯೇ 'ಇರಬಾರದು' ಎಂದು ಹೊಡೆದಿದ್ದಳು. ಹಿಂದಿನ ಎರಡು ಸಾಲೂ 'ಬಹುದು' ಎಂದಿರುವಾಗ ಇದೊಂದು ಯಾಕೆ ಅಡ್ಡಾದಿಡ್ಡಿ ಎಂದು ಇವನೇ, ಈ ಕೈಯಿಂದಲೇ, ಕೆಂಪು ಪೆನ್ನಿನಲ್ಲಿ ತಿದ್ದಿದ್ದ.

"ಯಾರೋ... ಹೊಸಬರಿರಬೇಕು ಡಾಕ್ಟ್ರೇ," ಎಂದ. ಅಕ್ಕ ಚಾವಣಿಯ ಫ್ಯಾನನ್ನು ತುಂಬ ಗಮನವಿಟ್ಟು ನೋಡಿದಳು.

ಗಡಿಯಾರದಲ್ಲಿ ಐದೂವರೆ. ಅವನು ಏಳಲು ಹೋಗಿ ಡ್ರಿಪ್ಪಿನ ಕೊಳವೆಗೆ ಸಿಕ್ಕಿಕೊಂಡ. "ಅಕ್ಕಾ, ಬಸ್ ನಿಲ್ದಾಣಕ್ಕೆ ಓಡಿ. ಅವಳು ಕಾಯ್ತಿರ್ತಾಳೆ. ನನಗೇನೂ ಆಗಿಲ್ಲ, ಚೆನ್ನಾಗಿದ್ದೀನಿ ಅನ್ನಿ."

ಅಕ್ಕ ಬಾಗಿಲು ಮುಟ್ಟುವ ಮೊದಲೇ ಅದು ತೆರೆದುಕೊಂಡಿತು. ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು, ಹಿಂದೆ ಅವಳ ಚೀಲ ಹೊತ್ತ ಬಸ್ ಕಂಡಕ್ಟರು. "ಇಳಿಯೋವಾಗ ತಲೆ ತಿರುಗಿ ಬಿದ್ದರು ಮೇಡಂ."

"ನೀನಾ!" ಎಂದ ಒತ್ತಕ್ಷರ.

"ನೀವೇನ್ರೀ ಇಲ್ಲಿ?" ಎಂದಳು ಅವನ ಹೆಂಡತಿ.

ಅವಳನ್ನು ಪಕ್ಕದ ಮಂಚಕ್ಕೆ ಹಾಕಿ, ಡ್ರಿಪ್ ಏರಿಸಿ, ಡಾಕ್ಟರಮ್ಮ ಅನುಮಾನದಿಂದಲೇ ಕೇಳಿದರು: "ಊಟ ಏನು ಮಾಡಿದ್ರಿ?"

"ಊಟ ಇಲ್ಲ ಡಾಕ್ಟ್ರೇ, ಐದು ದಿನದಿಂದ ರಸ. ಮಗಳ ಮನೇಲಿ ಕೂತು ತಿಂದು ಊದಿಬಿಟ್ಟಿದ್ದೆ. ಇವರು ಅಲ್ಲಿ ಗುಬ್ಬಿ ಥರ ತಿಂದ್ಕೊಂಡಿರೋವಾಗ ನಾನು ಹೀಗೆ ಬಂದು ನಿಂತರೆ..." ಅವಳ ದನಿ ಸಣ್ಣದಾಯಿತು.

"ರಸ ಕುಡೀರಿ ಅಂತ ನಿಮಗ್ಯಾರು ಹೇಳಿದ್ದು?"

"ಇವರು ಕಳಿಸಿದ ಕರಪತ್ರದಲ್ಲಿತ್ತಲ್ಲ. ತಾವು ತಿದ್ದಿದ್ದನ್ನೆಲ್ಲ ನನಗೊಂದು ಪ್ರತಿ ಕಳಿಸ್ತಾರೆ." ಅಷ್ಟು ಸುಸ್ತಿನಲ್ಲೂ ಅವಳ ಮುಖ ಅರಳಿತು. "ಮೂವತ್ತು ವರ್ಷ ಆಯ್ತು ಡಾಕ್ಟ್ರೇ. ಇವರು ತಿದ್ದಿದ್ದು ಅಂದ್ಮೇಲೆ ಅದರಲ್ಲಿ ತಪ್ಪಿರುತ್ತಾ?"

ಡಾಕ್ಟರಮ್ಮ ನಿಧಾನವಾಗಿ ಇವನ ಕಡೆ ತಿರುಗಿದರು. ಒತ್ತಕ್ಷರ ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

"ತಪ್ಪಿತ್ತು ಕಣೇ. 'ಬಹುದು' ಅಲ್ಲ, 'ಬಾರದು'. ನಾನೇ ಮಾಡಿದ್ದು."

ಅವಳು ಬೆರಳು ಮಡಚಿ ದಿನ ಎಣಿಸಿದಳು. "ಹಾಗಾದ್ರೆ ಈ ಐದು ದಿನಾನೂ ನಾನು ಊಟ ಮಾಡಬಹುದಿತ್ತು?"

"ಮಾಡಬಹುದಿತ್ತು."

ಅವಳು ಸೂಜಿಯಿಲ್ಲದ ಕೈ ಚಾಚಿ ಅವನ ಕೈ ಹಿಡಿದುಕೊಂಡಳು, ಗಟ್ಟಿಯಾಗಿ. ಆಮೇಲೆ ಕೈ ಬಿಡದೆಯೇ ಕತ್ತು ತಿರುಗಿಸಿ ಕೇಳಿದಳು: "ಡಾಕ್ಟ್ರೇ, ಈ ಸ್ಥಿತಿಯಲ್ಲಿ ನಾನು ಇವರನ್ನ ಬೈಯಬಹುದಾ, ಬೈಯಬಾರದಾ?"

"ಬಹುದು," ಎಂದರು ಡಾಕ್ಟರಮ್ಮ, ಒಂದೊಂದು ಅಕ್ಷರವನ್ನೂ ಬಿಡಿಸಿ. "ಬ, ಹು, ದು."