ಅಳೂ ಸೀನಿನ ಮ್ಯೂಸಿಕ್

ಆಳಂದದಾಗ ನಂದೊಂದು ಮದುವಿ ವಿಡಿಯೋ ಮಿಕ್ಸಿಂಗ್ ಅಂಗಡಿ ಅದ. ಹಾಡು ಬೇಕಂದ್ರ ಮಂದಿ ಮೊಬೈಲ್‌ನಾಗೇ ಹುಡುಕ್ಕೋತಾರ. ಆದ್ರ ಸಿನಿಮಾದಾಗ ಹಾಡಿಲ್ಲದ ಕಡೆ ಬರೋ ಮ್ಯೂಸಿಕ್ ಇರ್ತದಲ್ಲ, ಅದಕ್ಕ ಮಾತೂ ಇಲ್ಲ, ಹೆಸರೂ ಇಲ್ಲ. ಅದು ಬೇಕಾದವರು ನನ್ನ ಮುಂದ ಬಂದು ಬಾಯಿಲೇ ಬಾರಿಸ್ತಾರ. ಹಿಂಗಾಗಿ ದಿನಾ ಒಂದಿಲ್ಲೊಂದು ತಮಾಷಿ ಇದ್ದೇ ಇರ್ತದ.

ನಗ್ತೇನಿ ಖರೆ, ಆದ್ರ ನಾನೂ ಅಂಥಾವನೇ. ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷಾತು. ರೊಟ್ಟಿ ಬಡಿಯೋವಾಗ ಒಂದು ಸಿನಿಮಾದ ಮ್ಯೂಸಿಕ್ ಬಾಯಿಲೇ ಅಂತಿದ್ಳು. ಊರಮಂದಿ ಮದುವಿಯೆಲ್ಲಾ ರೆಕಾರ್ಡ್ ಮಾಡಿದೆ, ಆಕಿ ದನಿ ಇಟ್ಕೊಳ್ಳಲಿಲ್ಲ ನೋಡ್ರಿ. ದನಿ ಅಂತೂ ಸಿಗಂಗಿಲ್ಲ, ಆ ಮ್ಯೂಸಿಕ್ ಆದ್ರೂ ಒಂದು ಸಲ ಕೇಳಬೇಕಂತ ಜೀವ ಒಂದೇ ಸವನ ಎಳೀತದ.

೧

ನಿಂಬರ್ಗಾದ ರೈತ ಒಬ್ಬಾವ ಬಂದ. "ಸಾಹೇಬ್ರ, ಧಡ್ ಧಡ್ ಧಡ್ ಢಾಂಯ್! ಇದನ್ನ ಮೊಬೈಲಿಗೆ ಹಾಕ್ರಿ" ಅಂದ.

ಹುಡುಕಿ ತೆಗದ್ರ, ಖಳನಾಯಕ ಬರೋವಾಗಿನ ಮ್ಯೂಸಿಕ್! "ಯಾರ ಫೋನ್ ಬಂದ್ರ ಇದು ಹೊಡೀಬೇಕು?" ಅಂದೆ.

"ನಮ್ಮ ಮಾವಂದ್ರೀ. ದೂರದಿಂದೇ ಹುಷಾರಾಗಬೇಕಲ್ರಿ."

ವಾರಕ್ಕ ಮತ್ತ ಬಂದ, ಮಾರಿ ಸಣ್ಣದು ಮಾಡ್ಕೊಂಡಿದ್ದ. "ತೆಗೀರಿ ಮಾರಾಯ್ರ. ಮಾವ ಮನಿಗೇ ಬಂದಿದ್ರು. ನನ್ನ ಮೊಬೈಲ್ ಕಾಣವಲ್ದು ಅಂದೆ. ತಡಿ, ರಿಂಗ್ ಕೊಡ್ತೇನಿ ಅಂತ ಅವರೇ ಕೊಟ್ರು."

೨

ಮಟಕಿ ಊರಿನ ತಾಯಿ ಒಬ್ಬಾಕಿ ಮಗಳ ಮದುವಿ ವಿಡಿಯೋ ನೋಡಾಕ ಬಂದ್ಳು, ಮಗಳೂ ಸಂಗಾಟ ಇದ್ಳು. ಗಂಡನ ಮನಿಗೆ ಕಳಿಸೋ ಸೀನಿನಾಗ ಮದುಮಗಳು ಹಲ್ಲು ಕಿಸದು ನಗಾಕತ್ತಿದ್ಳು. "ಮಂದಿ ಏನಂದಾರ್ರೀ? ಸಿನಿಮಾದಾಗಿನ್ಹಂಗ ಅಳೂ ಮ್ಯೂಸಿಕ್ ಹಾಕ್ರಿ" ಅಂದ್ಳು ತಾಯಿ.

ಪಿಟೀಲು ಹಾಕಿದೆ. ಎರಡು ನಿಮಿಷದಾಗ ತಾಯಿ ಸೆರಗು ಬಾಯಿಗಿಟ್ಟು ಹೋ ಅಂತ ಅತ್ಳು. ನಮ್ಮೊಳಗಿನ ಸಂಕಟಕ್ಕ ಇಂಥಾ ಮ್ಯೂಸಿಕ್ ತಾನೇ ಹೋಗಿ ಕೈ ಹಾಕ್ತದ, ಅದಕ್ಕೇ ಮರಿಯಂಗಿಲ್ಲ.

ಮಗಳು ಮಾತ್ರ, "ಸಾಕ್ ಬಿಡ ಯವ್ವಾ. ನಮ್ಮನಿಂದ ಮೂರನೇ ಮನಿಗೇ ಕೊಟ್ಟೀದಿ, ಊರಿಗೆ ಹೋದಮ್ಯಾಲ ಬಾ, ಚಾ ಮಾಡ್ತೇನಿ" ಅಂದ್ಳು.

೩

ಆವತ್ತೇ ಕೂತು ನಮ್ಮ ಸಿನಿಮಾ ಹುಡುಕಿದೆ. ಮದುವ್ಯಾದ ಹೊಸದಾಗ ಅಫಜಲಪುರದ ಟಾಕೀಸಿನಾಗ ನೋಡಿದ್ದು. ಕಳಕೊಂಡ ಮಗ ತಾಯಿಗೆ ಸಿಗೋ ಸೀನ್ ಬಂತು, ಹೆಂಡತಿ ಅಂತಿದ್ದ ಮ್ಯೂಸಿಕ್ ಇದ್ರಾಗಿಂದೇ. ಸೌಂಡ್ ಜೋರು ಮಾಡಿದೆ. ಆದ್ರ ಅಲ್ಲಿ ಮ್ಯೂಸಿಕ್ಕೇ ಇಲ್ಲ! ತಾಯಿ ಅಳತಾಳ, ಅಷ್ಟೇ. ಮೂರು ಸಲ ನೋಡಿದೆ. ಯಾವನೋ ಹಲ್ಕಟ್ ಕತ್ತರಿಸ್ಯಾನ ಅಂತ ಬಾಯಿಗೆ ಬಂದಂಗ ಬೈದೆ.

ಮರುದಿನ ಜೇವರ್ಗಿ ಬಸ್ ಹತ್ತಿದೆ. ಅಲ್ಲಿ ಹೆಂಡತಿಯ ತಂಗಿ ಅದಾಳ. ಹೊಸಾ ಜೋಡಿ ಇಬ್ಬರನ್ನೇ ಸಿನಿಮಾಕ್ಕ ಕಳಿಸೋ ಪದ್ಧತಿ ಆಗ ಇರಲಿಲ್ಲ, ಈಕಿನೂ ಬಂದಿದ್ಳು. ಟಾಕೀಸಿನಾಗ ಹೆಣ್ಣಮಕ್ಕಳು ಆ ಕಡೆ, ಗಂಡಸರು ಈ ಕಡೆ, ನಡುವ ಒಂದು ಗಿಡ್ಡ ಗ್ವಾಡಿ.

"ಆ ಅಳೂ ಸೀನಿನ ಮ್ಯೂಸಿಕ್ ನೆನಪದ ಏನ್ ಬೇ? ಟಿಣ್ ಟಿಣ್ ಟಿಣ್, ಕಿರ್‍ರ್... ನಿಮ್ಮಕ್ಕ ಅಂತಿದ್ಳಲ್ಲ?" ಅಂದೆ.

ಆಕಿ ಹೊಟ್ಟಿ ಹಿಡ್ಕೊಂಡು ನಕ್ಕಳು. ನಕ್ಕೋತ ನಕ್ಕೋತ ಕಣ್ಣೀರು ಬಂದ್ವು.

"ಮಾಮಾ, ಅದು ಸಿನಿಮಾದ್ದಲ್ರೀ. ಸೋಡಾ ಮಾರಾವ ಬಾಟ್ಲಿ ಮ್ಯಾಲ ಓಪನರ್ ಎಳೀತಿದ್ದ. ಅಕ್ಕ ಅತ್ತೂ ಅತ್ತೂ ಗಂಟಲು ಒಣಗಿಸಿಕೊಂಡಿದ್ಳು. ಅವ ಗಂಡಸರ ಕಡೇನೇ ತಿರಗ್ತಿದ್ದ. ಒಂದು ಕೊಡಸ್ರಿ ಅಂತ ಗ್ವಾಡಿ ಮ್ಯಾಲಿಂದ ನಿಮಗ ಕೈ ಮಾಡಿದ್ಳು. ನೀವು ಆಹಾ ಅಂತ ಗೋಣು ಹಾಕಿದ್ರಿ!"

ಹೌದ್ರಿ, ಹಾಕಿದ್ದೆ. ಮ್ಯೂಸಿಕ್ ಎಷ್ಟು ಚಂದ ಅದ ಅಂತ ಹೇಳಾಕತ್ತಾಳ ಅನ್ಕೊಂಡಿದ್ದೆ.

"ಮುಂದ ಮನ್ಯಾಗ ನಿಮ್ಮನ್ನ ಕಾಡ್ಸಾಕಂತನ ಅದನ್ನ ಅಂತಿದ್ಳು. ನಮ್ಮ ಯಜಮಾನ್ರಿಗೆ ಇನ್ನೂ ತಿಳಿದಿಲ್ಲ ಅಂತ ನನ್ನ ಮುಂದ ಬಿದ್ದು ಬಿದ್ದು ನಗ್ತಿದ್ಳು."

ನಕ್ಕೆ, ಮತ್ತ ಅತ್ತೆ. ಇಪ್ಪತ್ತಾರು ವರ್ಷ ಆಕಿ ಒಲಿ ಮುಂದ ಕೂತು ಸೋಡಾ ಕೇಳಿದ್ಳು. ಇಪ್ಪತ್ತಾರು ವರ್ಷ ನಾನು ಬಾಗಿಲದಾಗ ನಿಂತು, "ಇನ್ನೊಂದು ಸಲ ಅನ್ ಬೇ, ಏನ್ ಮ್ಯೂಸಿಕ್ ಅದ ಅದು!" ಅಂದೆ.