ಅಂದೋಲಾ ಹಾದಿಯ ಹೊಲ

ಕಲ್ಲಿನಾಥನ ಬಾಯಿಂದ ಒಂದು ಹೊಲ ಹೊರಗೆ ಬಿತ್ತು. ಎಲ್ಲ ಫಜೀತಿಗೂ ಅದೇ ಮೂಲ ನೋಡ್ರಿ.

ಜೇವರ್ಗಿಯಲ್ಲಿ ಅರಿವೆ ಅಂಗಡಿ ಇಟ್ಟ ಈ ಪುಣ್ಯಾತ್ಮನಿಗೆ ಗೇಣು ಹೊಲವೂ ಇರಲಿಲ್ಲ. ಇದ್ದದ್ದು ಅಂಗಡಿ, ಮನೆ, ಮದುವೆಗೆ ಬಂದ ಮಗ ಸಿದ್ದಲಿಂಗ. ರವಿವಾರಕ್ಕೊಮ್ಮೆ ಸುತ್ತಲಿನ ಹಳ್ಳಿಗಳ ಹೊಲದ ಹಾದಿ ತುಳಿಯುವ ‘ಅಡ್ಡಾಡೋ ಬಳಗ’ದಲ್ಲಿ ಅವನೂ ಒಬ್ಬ. ಬಳಗದ ಅಧ್ಯಕ್ಷ ದೌಲತರಾಯರು ತಮ್ಮ ಮಗಳು ಪಲ್ಲವಿಯನ್ನು ಸಿದ್ದಲಿಂಗನಿಗೆ ಕೊಡುವ ಮಾತು ತೆಗೆದು, ನಡೆಯುತ್ತ ನಡೆಯುತ್ತ, “ಹೊಲಗಿಲ ಎಲ್ಲ್ಯದರಿ ನಿಮ್ದು?” ಎಂದು ಸುಮ್ಮನೆ ಕೇಳಿದರು. ಕಲ್ಲಿನಾಥನ ನಾಲಿಗೆ ಅವನನ್ನು ಕೇಳಲೇ ಇಲ್ಲ.

“ಅಂದೋಲಾ ಹಾದ್ಯಾಗ ಅದರಿ. ನಮ್ಮಪ್ಪನ ಕಾಲದ್ದು.”

“ಭೇಷ್! ಹಂಗಾದ್ರ ಎಳ್ಳ ಅಮಾಸಿ ದಿನ ಬಳಗ ಎಲ್ಲಾ ನಿಮ್ಮ ಹೊಲಕ್ಕೇ ಬರ್ತದ. ಅಲ್ಲೇ ಊಟ, ಅಲ್ಲೇ ಮದುವಿ ಮಾತು ಪಕ್ಕಾ!”

ಅಮಾವಾಸ್ಯೆ ದಿನ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದವನ ಮುಂದೆ ಹೆಂಡತಿ ಶಿವಕಾಂತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇಲ್ಲದ ಹೊಲಕ್ಕ ಮಂದಿ ಕರಕೊಂಡು ಹೊಂಟೀರಿ. ತಲಿ ನೆಟ್ಟಗದ ಏನ್ರಿ?”

“ಇವತ್ತ ಹೊಲದ ಹಾದ್ಯಾಗ ಹೊಂಟವರನ್ನ ಯಾರರೆ ಉಪಾಸ ಕಳಸ್ತಾರೇನು? ಭೂಮಿತಾಯಿಗೆ ಚರಗದ ಎಡಿ ಚೆಲ್ಲಿದವರು ಕೈ ಹಿಡಿದು ಜಗ್ಗಿ ಉಣ್ಣಿಸ್ತಾರ. ಯಾವದರೆ ಒಂದು ಹೊಲದಾಗ ಕುಂದರೂದು, ‘ಇವರು ನಮ್ಮ ಪಾಲಿಗೆ ಮಾಡೋರು’ ಅನ್ನೂದು. ಮುಗೀತು!”

“ಸಿದ್ದು ಆ ಹುಡಿಗಿನ್ನ ಭಾಳ ಮೆಚ್ಚ್ಯಾನ. ಈ ಸಂಬಂಧ ಮುರೀತು ಅಂದ್ರ ನೀವು ಮನಿ ಒಳಗ ಕಾಲಿಡಬ್ಯಾಡ್ರಿ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಬಳಗದ ಹತ್ತಾರು ಮಂದಿ ಹೊರಟರು. ಎರಡೂ ಕಡೆ ಜೋಳ ತೆನೆ ತೂಗುತ್ತಿತ್ತು, ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು. ಕಲ್ಲಿನಾಥನಿಗೆ ಅದೊಂದೂ ಕಾಣಲಿಲ್ಲ. ಯಾವ ಹೊಲದಲ್ಲಿ ಒಲೆಯ ಹೊಗೆ ಏಳುತ್ತದೆ, ಯಾವ ಹೊಲದವರು ತನ್ನ ಗುರುತಿನವರಲ್ಲ, ಅಷ್ಟೇ ನೋಡುತ್ತಿದ್ದ.

ಒಂದು ಒಳ್ಳೆ ಹೊಲ ಕಂಡಿತು. “ಇದೇ...” ಎಂದು ಬಾಯಿ ತೆಗೆಯುವಷ್ಟರಲ್ಲಿ ಬನ್ನಿ ಗಿಡದ ಕೆಳಗಿಂದ ಒಬ್ಬ ಕೂಗಿದ: “ಏ ಕಲ್ಲಿನಾಥಣ್ಣ! ನೀ ಕೊಟ್ಟ ಕುಬಸದ ಬಣ್ಣ ಒಂದೇ ನೀರಿಗೆ ಹೋತಲ್ಲೋ!”

“ಇದೇ ಹಾದಿ ಮುಂದ ಹೋಗ್ತದ, ನಡೀರಿ ನಡೀರಿ!” ಎಂದು ಕಲ್ಲಿನಾಥ ಓಟ ಕಿತ್ತ.

ಬಿಸಿಲು ಏರಿತು. ನಿವೃತ್ತ ಶಿಕ್ಷಕಿ ಸುಭದ್ರಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಕಲ್ಲಿನಾಥಪ್ಪ, ನಿಮ್ಮ ಹೊಲ ಅಂದೋಲಾ ಹಾದ್ಯಾಗ ಅದನೋ, ಅಂದೋಲಾ ದಾಟಿ ಅದನೋ?” ಎಂದರು.

“ನನಗ ಶುಗರ್ ಅದ,” ಎಂದರು ದೌಲತರಾಯರು. ದನಿಯಲ್ಲಿ ಮೊದಲಿನ ಬೀಗತನ ಇರಲಿಲ್ಲ. ಕಲ್ಲಿನಾಥನ ಅಂಗಿ ಬೆನ್ನಿಗೆ ಅಂಟಿತು. ಮಗನ ಮುಖ ಕಣ್ಣಮುಂದೆ ಬಂತು.

ಆಗ ಕಂಡಿತು ಇನ್ನೊಂದು ಹೊಲ. ಗುಡಿಸಲು, ಎತ್ತಿನ ಬಂಡಿ, ಭಜ್ಜಿ ಪಲ್ಯದ ವಾಸನೆ, ಒಬ್ಬ ಮುದುಕ, ಒಬ್ಬ ಮುದುಕಿ. ಇಬ್ಬರೂ ಗುರುತಿಲ್ಲ. ಸಾಕಿನ್ನು, ಬಂದದ್ದು ಬರಲಿ!

“ಇದೇರಿ ನಮ್ಮ ಹೊಲ!” ಎಂದು ಕಲ್ಲಿನಾಥ ಎದೆಯುಬ್ಬಿಸಿ ಕೂಗಿದ. ಅಷ್ಟು ಜೋರಾಗಿ ಕೂಗಬಾರದಿತ್ತು.

ಬಳಗದವರು ಇನ್ನೂ ಮಾತು ಕೇಳಿಸದಷ್ಟು ಹಿಂದೆ ಇರುವಾಗಲೇ ಮುದುಕ ಕೈಯಲ್ಲಿನ ಸೌಟು ಬಿಟ್ಟು ಓಡಿ ಬಂದ. “ಮಾಲಕ್ರ! ಬಂದ್ರೀ? ನಿಮ್ಮಪ್ಪ ತೀರಿದ ಮ್ಯಾಲ ಸೋಲಾಪುರದಾಗೇ ಉಳದ್ರಿ, ನಿಮ್ಮ ಮಾರಿ ಸೈತ ನಾ ನೋಡಿದ್ದಿಲ್ಲ. ಅಜೀಜಾಬಿ, ಕಂಬಳಿ ಹಾಸು, ಹೊಲದ ಧಣಿ ಬಂದಾರ!”

ಅವನು ಯಾಕೂಬಸಾಬ. ಸೋಲಾಪುರದ ಯಾರದೋ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು. ಕಲ್ಲಿನಾಥನಿಗೆ ಮೊದಲು ಗಾಬರಿಯಾಯಿತು, ಆಮೇಲೆ ಕುಣಿಯುವಷ್ಟು ಸಂತೋಷವಾಯಿತು. ಅರೆ, ದೇವರೇ ಹೊಲ ಕೊಟ್ಟನಲ್ಲ!

ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹಿಂಡಿ. ಬಳಗದವರು ಎಲೆಯ ಮೇಲೆ ಬಿದ್ದರು. ದೌಲತರಾಯರು ಶುಗರ್ ಮರೆತು ಇನ್ನೊಂದು ಕಡಬು ಹಾಕಿಸಿಕೊಂಡು, “ಬೀಗರ, ಎಂಥ ಚಲೋ ಹೊಲ!” ಎಂದರು. ಬೀಗರ ಅಂದರಲ್ಲ! ಕಲ್ಲಿನಾಥ ಗೆದ್ದೆ ಅಂದುಕೊಂಡ.

ಅಷ್ಟರಲ್ಲಿ ಯಾಕೂಬಸಾಬ ಎದುರು ಬಂದು ಕುಕ್ಕರಗಾಲಲ್ಲಿ ಕೂತ. “ಮಾಲಕ್ರ, ಬಾವಿ ಕುಸದು ಹೋಗ್ಯಾದ. ಫೋನ್ ಹಚ್ಚಿದ್ರ ನೀವು ಎತ್ತಂಗಿಲ್ಲ. ಕಟ್ಟಿಸೂ ಖರ್ಚು ಅರ್ಧ ನಾ ಹಾಕ್ತೇನಿ, ಅರ್ಧ ನೀವು. ಈಗ ಹ್ಞೂಂ ಅಂದ್ರ ನಾಳಿ ಸಂತ್ಯಾಗ ಈ ಎತ್ತಿನ ಜೋಡಿ ಮಾರಿ ಕೆಲಸ ಹಚ್ಚತೇನಿ. ನಿಮ್ಮ ಜಬಾನ್, ಒಂದು ಮಾತು ಸಾಕು ನನಗ.”

ಅಜೀಜಾಬಿ ಎತ್ತಿನ ಬೆನ್ನು ಸವರುತ್ತ ಕಣ್ಣೊರೆಸಿಕೊಂಡಳು. ಎಲ್ಲರೂ ಕಲ್ಲಿನಾಥನ ಬಾಯಿ ನೋಡಿದರು. ಹ್ಞೂಂ ಅಂದರೆ ಬಡವನ ಎತ್ತುಗಳು ಹೋಗುತ್ತವೆ, ಬಾವಿಯೂ ಆಗುವುದಿಲ್ಲ. ಊಹೂಂ ಅಂದರೆ ಬೀಗರ ಮುಂದೆ ಜಿಪುಣ. ಇಷ್ಟು ನಂಬಿದವನ ಹೊಟ್ಟೆ ಮೇಲೆ ಹೊಡೆಯಲು ಅವನಿಂದಾಗಲಿಲ್ಲ. ಎದ್ದು ನಿಂತ.

“ಎತ್ತು ಮಾರಬ್ಯಾಡ್ರಿ, ಯಾಕೂಬಣ್ಣ. ದೌಲತರಾಯರ, ಕ್ಷಮಾ ಮಾಡ್ರಿ. ಈ ಹೊಲ ನನ್ನದಲ್ಲ. ನನಗ ಹೊಲಾನೇ ಇಲ್ಲ. ಸುಳ್ಳ ಹೇಳಿದೆ.”

ಯಾಕೂಬಸಾಬ ದೊಡ್ಡದೊಂದು ನಿಟ್ಟುಸಿರು ಬಿಟ್ಟ.

“ಖರೇ ಅಪ್ಪನ ಮಗ ಅದೀರಿ ಮಾಲಕ್ರ. ಬಾವಿ ಮಾತು ತೆಗದಾಗೊಮ್ಮೆ ನಿಮ್ಮಪ್ಪನೂ ಹಿಂಗೇ ಅಂತಿದ್ದ, ‘ಈ ಹೊಲ ನಂದಲ್ಲೋ ಯಾಕೂಬ’ ಅಂತ.”

“ಅಯ್ಯೋ, ದೇವರಾಣಿ ನನ್ನದಲ್ರಿ!”

“ಆಣಿನೂ ಮಾಡ್ತಿದ್ದ.”

“ಥೂ!” ಎಂದರು ಸುಭದ್ರಾಬಾಯಿ. “ಊಟ ಆಗೂತನಕ ನಮ್ಮ ಹೊಲ, ಬಾವಿ ಅಂದಕೂಡ್ಲೆ ನಮ್ಮದಲ್ಲ!”

ಕಲ್ಲಿನಾಥ ಎಷ್ಟು ಬಡಕೊಂಡರೂ ಕೇಳುವವರಿಲ್ಲ. ದೌಲತರಾಯರು ನಿಧಾನಕ್ಕೆ ಕೈ ತೊಳೆದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಹೊಲ ಇರಲಿಲ್ಲಂದ್ರೂ ನಾ ಮಗಳನ್ನ ಕೊಡ್ತಿದ್ದೆ. ಹುಡುಗ ಚಲೋ ಅದಾನ ಅಂತ ಬಂದಿದ್ದೆ. ಆದ್ರ ಬಡವರ ಬಾವಿ ತಪ್ಪಸಾಕ ತನ್ನ ಹೊಲಾನೇ ಅಲ್ಲ ಅನ್ನೋನ ಮನಿಗೆ ನಮ್ಮ ಪಲ್ಲವಿನ್ನ ಕೊಡಂಗಿಲ್ಲ.”

ಬಳಗ ಹಿಂತಿರುಗಿ ನೋಡದೆ ಜೇವರ್ಗಿ ಹಾದಿ ಹಿಡಿಯಿತು. ಕಲ್ಲಿನಾಥ ಅಳುವಂತಾಗಿ ಬದುವಿನ ಮೇಲೆ ಕುಸಿದು ಕೂತ. ಅಜೀಜಾಬಿ ಬಂದು ಅವನ ಮಡಿಲಲ್ಲಿ ಕಡಬಿನ ಗಂಟು ಇಟ್ಟಳು.

“ಸಿಟ್ಟಾಗಬ್ಯಾಡ್ರಿ ಮಾಲಕ್ರ. ಬಾವಿ ಮುಂದಿನ ವರ್ಷ ನೋಡೂಣು. ಮನ್ಯಾಗ ಅಮ್ಮಾರಿಗೆ ಕೊಡ್ರಿ. ಮತ್ತ ಇಷ್ಟು ದೂರ ಬಂದೀರಿ, ನಿಮ್ಮ ಹೊಲ ಒಮ್ಮೆ ಸುತ್ತಿ ನೋಡಿ ಹೋಗ್ರಿ.”